ಚಾವಿ ಜೇಬಿನಲ್ಲಿ, ಇಂಜಿನ್ ಓಟದಲ್ಲಿ

ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಒತ್ತಿದ ಗಾಳಿಯೇ 500 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯುತ್ತದೆ. ಅದರೊಳಕ್ಕೆ ಸಿಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಎಷ್ಟು ಡೀಸೆಲ್ಲೋ ಅಷ್ಟು ವೇಗ. ಹಳೇ ಲಾರಿಗಳಲ್ಲಿ ಗಾಳಿಗೆ ಲಗಾಮೇ ಇರುವುದಿಲ್ಲ. ಹೀಗಾಗಿ ಉರಿಯುವ ವಸ್ತು ಯಾವುದಾದರೂ ಪಂಪನ್ನು ತಪ್ಪಿಸಿ ಗಾಳಿಯ ಜೊತೆ ಒಳಗೆ ನುಗ್ಗಿದರೆ ಇಂಜಿನ್ ಯಾರ ಮಾತೂ ಕೇಳದೆ ಏರುತ್ತ ಹೋಗುತ್ತದೆ. ಬೆಳುಗುಪ್ಪದಲ್ಲಿ, ಕಲ್ಯಾಣದುರ್ಗದ ರಸ್ತೆ ಬದಿಯ ಶೆಡ್ಡಿನಲ್ಲಿ, ಕಡ್ಲೆಕಾಯಿ ಲೋಡಿನ ಲಾರಿಯೊಂದರ ಎದುರು ಇದರ ವಿಚಾರಣೆ ನಡೆಯಿತು.

ಡ್ರೈವರ್: ದೃಷ್ಟಿ ತಾಕೈತೆ ಮೇಸ್ತ್ರಿ. ಚಾವಿ ತೆಗೆದು ಜೇಬಿಗೆ ಹಾಕ್ಕೊಂಡೆ, ಇಂಜಿನ್ ಕಿರುಚ್ತಾನೇ ಇತ್ತು. ಬ್ಯಾಟರಿ ವೈರ್ ಕಿತ್ತೆ, ಅದಕ್ಕೂ ಜಗ್ಗಲಿಲ್ಲ.

ಮೇಸ್ತ್ರಿ: ಪ್ಲಗ್ಗೇ ಇಲ್ಲದ ಇಂಜಿನ್ನು, ಹಳೇ ಪಂಪು. ಸೆಲ್ಫ್ ಹೊಡೆದ ಮೇಲೆ ಬ್ಯಾಟರಿ ಹಂಗು ಅದಕ್ಕೇನಪ್ಪಾ? ಹೊಗೆ ಯಾವ ಬಣ್ಣ?

ಕ್ಲೀನರ್: ಬೆಳ್ಳಗೆ ಮಾಮ, ಒಂದಿಷ್ಟು ನೀಲಿ. ಎದುರಿನ ಚಾ ಅಂಗಡೀನೇ ಕಾಣ್ಲಿಲ್ಲ. ದುಡ್ಡು ಕೊಡದೆ ನಾಲ್ಕು ಜನ ಎದ್ದು ಹೋದ್ರಂತೆ.

ಮೇಸ್ತ್ರಿ: ಹಂಗಾದ್ರೆ ಅದು ಕುಡಿದದ್ದು ಡೀಸೆಲ್ ಅಲ್ಲ, ಇಂಜಿನ್ ಆಯಿಲ್.

ಪಂಪಿನದೇ ತಪ್ಪಾಗುವುದೂ ಉಂಟು. ವೇಗಕ್ಕೆ ಮಿತಿ ಹಾಕುವ ಗವರ್ನರ್ ಕೆಟ್ಟರೆ, ಇಲ್ಲವೇ ಡೀಸೆಲ್ ಅಳೆದು ಬಿಡುವ ರ್‍ಯಾಕ್ ಪೂರ್ತಿ ತೆರೆದ ಜಾಗದಲ್ಲೇ ಸಿಕ್ಕಿಕೊಂಡರೆ ಡೀಸೆಲ್ ಮಿತಿಯಿಲ್ಲದೆ ಹೋಗುತ್ತದೆ. ಅಂಥದ್ದು ಡೀಸೆಲ್ ಕಡಿದರೆ ನಿಲ್ಲುತ್ತದೆ. ಆಯಿಲ್ ಕುಡಿಯುವ ಇಂಜಿನ್ನಿಗಾದರೋ ಟ್ಯಾಂಕನ್ನೇ ಕಳಚಿಟ್ಟರೂ ಲೆಕ್ಕವಿಲ್ಲ. ಮೊದಲ ಅನುಮಾನ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಮೇಲೆ ಬೀಳುವುದು ನ್ಯಾಯವೇ. ಅದರ ದಂಡ ನಿಮಿಷಕ್ಕೆ ಲಕ್ಷದ ಆಸುಪಾಸಿನ ಸುತ್ತು ತಿರುಗುವುದು ಇಂಜಿನ್ ಆಯಿಲ್ಲಿನ ಪದರದ ಮೇಲೆ. ಸೀಲು ಸವೆದರೆ ಆ ಆಯಿಲ್ ಗಾಳಿಯ ದಾರಿ ಹಿಡಿಯುತ್ತದೆ. ಇಂಜಿನ್ ಏರಿದಷ್ಟೂ ಸೋರಿಕೆ ಹೆಚ್ಚು. ಸೋರಿದಷ್ಟೂ ಇಂಜಿನ್ ಏರುತ್ತದೆ.

ಡ್ರೈವರ್: ಟರ್ಬೊ ಹೋದ ವರ್ಷ ತಾನೆ ಹೊಸದು ಹಾಕಿದ್ದು!

ಮೇಸ್ತ್ರಿ: ಹಾಕಿದ್ದು ಸರಿ. ಅದರಿಂದ ಇಂಜಿನ್ ಕೆಳಗಿನ ಚೇಂಬರಿಗೆ ಆಯಿಲ್ ವಾಪಸ್ ಬರೋ ಪೈಪ್ ತೊಳೆಸಿದ್ಯಾ? ಕಿಟ್ಟ ಕಟ್ಟಿದ್ರೆ ಹೊಸ ಸೀಲೂ ಸೋರ್ತದೆ.

ಡ್ರೈವರ್: ಲಾರಿ ತೊಳೆಸಿದ್ದೆ. ಆಯುಧಪೂಜೆಗೆ.

ಮೇಸ್ತ್ರಿ ಬ್ರೀದರ್ ಪೈಪಿಗೆ ಬೆರಳಿಟ್ಟು ನೋಡಿದ; ಬೆರಳು ಕಪ್ಪಾಯಿತು. ಪಿಸ್ಟನ್ ರಿಂಗು ಸವೆದಾಗ ಸಿಲಿಂಡರಿನ ಒತ್ತಡ ಚೇಂಬರಿಗೆ ಇಳಿದು, ಆಯಿಲ್ಲನ್ನು ಮಂಜಾಗಿಸಿ ಬ್ರೀದರಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಬ್ರೀದರ್ ಏರ್ ಫಿಲ್ಟರಿನ ಪೈಪಿಗೆ ಸೇರಿರುವ ಗಾಡಿಯಲ್ಲಿ ಅದು ನೇರ ಇಂಜಿನ್ನಿನ ಬಾಯಿಗೇ. ಆಮೇಲೆ ಮೇಸ್ತ್ರಿ ಡಿಪ್‌ಸ್ಟಿಕ್ ಎಳೆದ.

ಮೇಸ್ತ್ರಿ: ಇಷ್ಟು ಕುಡಿದ ಮೇಲೂ ಮೇಲಿನ ಗೆರೆ ದಾಟೈತಲ್ಲೋ! ಯಾರು ಸುರಿದದ್ದು?

ಕ್ಲೀನರ್: ಆಯಿಲ್ ಕಮ್ಮಿಯಾದ್ರೆ ಚರ್ಮ ಸುಲೀತೀನಿ ಅಂದಿದ್ರು ಓನರ್ರು. ಜಾಸ್ತಿಯಾದ್ರೆ ಏನು ಅಂತ ಹೇಳಿರ್ಲಿಲ್ಲ ಮಾಮ.

ಮೇಸ್ತ್ರಿ ಕಡ್ಡಿಯನ್ನು ಮೂಗಿಗೆ ಹಿಡಿದ. ಯಾರೂ ಸುರಿಯದೆಯೂ ಮಟ್ಟ ಏರುವುದುಂಟು: ನಾಜಲ್ ಅಥವಾ ಪಂಪು ಸೋರಿ ಡೀಸೆಲ್ ಚೇಂಬರಿಗೆ ಇಳಿಯುತ್ತದೆ, ಆಗ ವಾಸನೆಯೇ ಸಾಕ್ಷಿ. ಇಲ್ಲಿ ಡೀಸೆಲ್ ವಾಸನೆ ಇರಲಿಲ್ಲ. ಕ್ಲೀನರನ ಶ್ರದ್ಧೆಯಷ್ಟೇ ಇತ್ತು. ಗೆರೆ ದಾಟಿದ ಆಯಿಲ್ಲೂ ಅದೇ ಬ್ರೀದರಿನ ದಾರಿ ಹಿಡಿಯುತ್ತದೆ. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇರುವ ಹಳೇ ಟ್ರ್ಯಾಕ್ಟರುಗಳಲ್ಲೂ ಬಟ್ಟಲಿಗೆ ಸುರಿಯುವಾಗಿನ ಇದೇ ಧಾರಾಳ ಅಪಾಯ ತರುತ್ತದೆ.

ಡ್ರೈವರ್: ಆಯಿಲ್ ಸರಿಯಾಗಿದ್ರೆ ಇನ್ನು ಭಯ ಇಲ್ಲ ತಾನೆ?

ಮೇಸ್ತ್ರಿ: ಗಾಳೀಲೇ ಗ್ಯಾಸ್ ಇದ್ರೆ ಅದನ್ನೂ ಕುಡೀತದೆ.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ ಆದದ್ದು ಇದೇ. ಚಾಲೂ ಇಟ್ಟು ನಿಲ್ಲಿಸಿದ್ದ ಡೀಸೆಲ್ ಪಿಕಪ್ ಗಾಡಿ ಸೋರಿದ ಆವಿ ಎಳೆದುಕೊಂಡು ಕೆರಳಿತು. ಆ ಆವಿಗೆ ಕಿಡಿ ತಗುಲಿದ್ದೂ ಬಹುತೇಕ ಅದರಿಂದಲೇ ಎಂದು ತನಿಖೆ ಹೇಳಿತು. 15 ಜನ ಸತ್ತರು.

ಡ್ರೈವರ್: ನಿಲ್ಲಿಸೋದು ಹೆಂಗೆ ಹೇಳು ಮಾರಾಯ.

ಮೇಸ್ತ್ರಿ (ಊರಾಚೆಯ ಗಾಳಿಯಂತ್ರಗಳತ್ತ ಕೈ ತೋರಿ): ಅವು ನೋಡು, ಗಾಳಿ ಜೋರಾದ್ರೆ ರೆಕ್ಕೆ ಓರೆ ಮಾಡ್ಕೊಂಡು ನಿಲ್ತಾವೆ. ನಿನ್ನ ಇಂಜಿನ್ನಿಗೆ ಆ ಬುದ್ಧಿ ಇಲ್ಲ. ಗಾಳಿ ನೀನೇ ಮುಚ್ಚಬೇಕು. ದಪ್ಪ ಹಲಗೆ ಏರ್ ಪೈಪಿನ ಬಾಯಿಗೆ.

ಕ್ಲೀನರ್: ಹಲಗೆ ಸಿಗದಿದ್ರೆ ಕೈ ಇಟ್ರೆ?

ಮೇಸ್ತ್ರಿ: ಕೈ ಒಳಗೆ ಹೋಗ್ತದೆ, ಬಟ್ಟೆನೂ ಹೋಗ್ತದೆ.

ಕಾರ್ಬನ್ ಡೈಆಕ್ಸೈಡ್ ತುಂಬಿದ ಬೆಂಕಿ ಆರಿಸುವ ಸಿಲಿಂಡರನ್ನು ಅದೇ ಬಾಯಿಗೆ ಬಿಟ್ಟರೂ ಉಸಿರು ಕಟ್ಟುತ್ತದೆ. ಕ್ಯಾಬಿನ್ನಿನಲ್ಲೇ ಕೂತವನಿಗೆ ಇನ್ನೊಂದು ದಾರಿ: ಟಾಪ್ ಗೇರ್ ಹಾಕಿ, ಬ್ರೇಕ್ ಪೂರ್ತಿ ಮೆಟ್ಟಿ, ಕ್ಲಚ್ ಒಮ್ಮೆಲೇ ಬಿಡುವುದು. ಲಾರಿಯ ಮುಂದೆ ಯಾರೂ ಇರಕೂಡದು. ಕ್ಲಚ್ ಪ್ಲೇಟ್ ಸುಟ್ಟರೆ ಎರಡನೇ ಅವಕಾಶವಿಲ್ಲ. ಯಾವುದೂ ಆಗದಿದ್ದರೆ ದೂರ ಓಡುವುದೇ ಸರಿ. ಕನೆಕ್ಟಿಂಗ್ ರಾಡ್ ಬ್ಲಾಕನ್ನು ಒಡೆದು ಹೊರಗೆ ಬಂದೀತು. ಈ ಲಾರಿ ನಿಂತದ್ದು ಯಾರ ಜಾಣತನದಿಂದಲೂ ಅಲ್ಲ, ಪೈಪಿನಲ್ಲಿ ಕುಡಿಯಲು ಸಿಗುತ್ತಿದ್ದ ಆಯಿಲ್ ಮುಗಿದದ್ದರಿಂದ.

ಮತ್ತೆ ಸೆಲ್ಫ್ ಹೊಡೆಯುವ ಮುಂಚೆ ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಚ್ಚಿ ತೊಳೆಯಬೇಕು, ಇಲ್ಲದಿದ್ದರೆ ಉಳಿದ ಆಯಿಲ್ಲೇ ಇನ್ನೊಂದು ಸುತ್ತಿಗೆ ಸಾಕು. ಬಗ್ಗಿಸಿದಾಗ ಡಬ್ಬಿಯ ಅರ್ಧಕ್ಕೆ ಕರಿ ಆಯಿಲ್ ಬಂತು.

ಡ್ರೈವರ್: ಇದನ್ನ ಸೋಸಿ ಚೇಂಬರಿಗೇ ಹಾಕಿದ್ರೆ ಹೆಂಗೆ ಮೇಸ್ತ್ರಿ? ನಮ್ದೇ ಆಯಿಲ್ ಅಲ್ವಾ?

ಮೇಸ್ತ್ರಿ ಡಬ್ಬಿಯನ್ನು ಅವನಿಗೆ ಎಟುಕದ ಕಡೆ ಇಟ್ಟು, ಕ್ಲೀನರನ ಕೈಯಿಂದ ಫನೆಲ್ಲನ್ನೂ ಕಿತ್ತುಕೊಂಡ.