ಕಂಬಿ ಬಿಟ್ಟ ಓನರ್ರು

ಕಡೂರು, ತರೀಕೆರೆ, ಅಜ್ಜಂಪುರದ ಹೊಸ ಬಡಾವಣೆಗಳಲ್ಲಿ ಬಾಡಿಗೆ ಮನೆಯ ಓನರ್ರನ್ನು ಹುಡುಕುವುದು ಕಷ್ಟವಲ್ಲ. ಟೆರೇಸಿನ ಮೇಲೆ ತುಕ್ಕು ಹಿಡಿದ ಕಂಬಿಗಳು ನಿಂತಿದ್ದರೆ ಕೆಳಗೆ ಅವರಿದ್ದಾರೆ. 'ಮುಂದಿನ ಸಲ ಇನ್ನೊಂದು ಫ್ಲೋರ್ ಎತ್ತೋಣ' ಎಂಬ ಆಸೆಗೂ ಅಷ್ಟೇ ವಯಸ್ಸಾಗಿದೆ. ತೆಂಗಿನದೋ ಅಡಿಕೆಯದೋ ದುಡ್ಡಿಗೆ ಬ್ಯಾಂಕ್ ಸಾಲ ಸೇರಿಸಿ ಮೂರು ಮನೆ ಕಟ್ಟಿಸಿದ್ದಾರೆ. ಮೋಟರ್ ಸ್ವಿಚ್ಚು ತಮ್ಮ ಅಡುಗೆಮನೆಯಲ್ಲೇ ಇದೆ. ಬಾಡಿಗೆಯವರ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಎಣಿಸಿ, ಎಷ್ಟು ಜನ ನೆಂಟರು ಬಂದಿದ್ದಾರೆ, ನೀರು ಎಷ್ಟು ಖರ್ಚಾದೀತು ಎಂದು ಲೆಕ್ಕ ಹಾಕಬಲ್ಲರು. ಅವರ ಸಿದ್ಧಾಂತ ಒಂದೇ: ತೋಟಕ್ಕೆ ಮಳೆ ಬೇಕು, ಬಾಡಿಗೆಗೆ ಬೇಡ.

ಈ ಸಿದ್ಧಾಂತವೇ ಪೊಳ್ಳು. ಬಾಡಿಗೆ ಕೊಡುವವರು ಆಕಾಶದಿಂದ ಇಳಿದು ಬರುವುದಿಲ್ಲವಲ್ಲ. ಕಡೂರಿನಲ್ಲಿ ತೆಂಗು ಕೈಕೊಟ್ಟ ವರ್ಷ ಓನರ್ರ ತೋಟವೂ ಸೊರಗುತ್ತದೆ, ಮಳಿಗೆ ಹಿಡಿದ ಬಟ್ಟೆ ಅಂಗಡಿಯವನ ವ್ಯಾಪಾರವೂ ಸೊರಗುತ್ತದೆ. ಎರಡು ಆದಾಯ ಎಂದುಕೊಂಡದ್ದು ಒಂದೇ ಬಾವಿಯ ಎರಡು ಹಗ್ಗ. ತರೀಕೆರೆಯಲ್ಲಿ ಉಪವಿಭಾಗದ ಕಚೇರಿಗಳಿವೆ, ನೌಕರರು ಸಿಗುತ್ತಾರೆ, ನಿಜ. ವರ್ಗಾವಣೆಯ ಪಟ್ಟಿ ಬಂದ ವಾರ ಮನೆ ಖಾಲಿ. ಅಜ್ಜಂಪುರದ ಹತ್ತಿರ ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಕೊರೆಯಲು ಬಂದವರನ್ನು ನಂಬಿ ಮನೆ ಕಟ್ಟಿದರೆ, ಸುರಂಗ ಮುಗಿದ ಮೇಲೆ ಅವರು ಅಲ್ಲಿದ್ದು ಈರುಳ್ಳಿ ಬೆಳೆಯಬೇಕೆ?

ಲೆಕ್ಕಕ್ಕೇ ಬರೋಣ. ಸೈಟು ಹಿರಿಯರದು, ಕಟ್ಟಡಕ್ಕೆ 30 ಲಕ್ಷ, ಅದರಲ್ಲಿ 20 ಲಕ್ಷ ಸಾಲ ಎಂದಿಟ್ಟುಕೊಳ್ಳಿ. ಮನೆಗೆ 6,000ದಂತೆ ಮೂರು ಮನೆಗೆ ವರ್ಷಕ್ಕೆ 2,16,000. ಒಂದು ಮನೆ ಎರಡು ತಿಂಗಳು ಖಾಲಿ ಬಿದ್ದರೆ 12,000 ಹೋಯಿತು. ಸುಣ್ಣಬಣ್ಣ, ಮೋಟರ್ ರಿಪೇರಿ, ಕಂದಾಯಕ್ಕೆ 24,000. ಉಳಿದದ್ದು 1,80,000. ಶೇಕಡಾ 9ರಂತೆ ಮೊದಲ ವರ್ಷದ ಬಡ್ಡಿಯೂ ಸುಮಾರು ಅಷ್ಟೇ. ಅಸಲು ಮತ್ತೆ ತೋಟವೇ ಕಟ್ಟಬೇಕು, ಅಂದರೆ ಮಳೆಯೇ ಕಟ್ಟಬೇಕು. 'ಸೈಟಿನ ಬೆಲೆ ಏರಿಲ್ಲವೇ?' ಎನ್ನುತ್ತಾರೆ ಓನರ್ರು. ಏರಿದೆ, ಆದರೆ ಏರಿದ್ದು ನೆಲದ ಬೆಲೆ, ಗೋಡೆಗೆ ವರ್ಷವರ್ಷವೂ ವಯಸ್ಸಾಗುತ್ತದೆ. ನೆಲ ಮಾರುತ್ತೀರಾ ಎಂದು ಕೇಳಿ ನೋಡಿ, ಮಗಳ ಮದುವೆಯ ಮಾತೆತ್ತುತ್ತಾರೆ. 'ಎಫ್‌ಡಿ ಇಟ್ಟವನಿಗೆ ಬೀದಿಯಲ್ಲಿ ಯಾರು ನಮಸ್ಕಾರ ಹೊಡೀತಾರೆ?' ಎಂಬ ಅವರ ಇನ್ನೊಂದು ವಾದಕ್ಕೆ ಮಾತ್ರ ಉತ್ತರವಿಲ್ಲ. ಮರ್ಯಾದೆಗೆ ಬಡ್ಡಿ ಲೆಕ್ಕ ಹಾಕುವ ಬ್ಯಾಂಕು ಇನ್ನೂ ಹುಟ್ಟಿಲ್ಲ.

ಉಳಿತಾಯ ಮಾಡಲು ಹೋಗಿ ಬೀಳುವ ಪೆಟ್ಟು ಬೇರೆ. ಮೂರೂ ಮನೆಗೆ ಒಂದೇ ಮೀಟರ್ ಹಾಕಿಸಿದವರಿಗೆ 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗ ಬಿಸಿ ತಟ್ಟಿತು. 200 ಯೂನಿಟ್‌ವರೆಗಿನ ಸೌಲಭ್ಯ ಬಾಡಿಗೆದಾರರಿಗೂ ಉಂಟು, ಆದರೆ ಮನೆಗೊಂದು ಮೀಟರ್ ಬೇಕು. ಬಾಡಿಗೆಯವನ ಆಧಾರ್ ಮೀಟರಿಗೆ ಸೇರಿದರೆ ನಾಳೆ ಮನೆಯೇ ಅವನದಾಗುತ್ತದೆಂದು ಹೆದರಿದ ಓನರ್ರು, ಬಾಡಿಗೆ ಕರಾರಿನ ವಿಷಯದಲ್ಲಿ ಮಾತ್ರ ಮಹಾ ಧೈರ್ಯಶಾಲಿಗಳು. ಒಂದು ವರ್ಷ ಮೀರಿದರೆ ನೋಂದಣಿ ಆಗಬೇಕಲ್ಲ, ಅದಕ್ಕೆ 11 ತಿಂಗಳದ್ದೊಂದು ಬರೆಸುತ್ತಾರೆ, ಆಮೇಲೆ ಬಾಯಿಮಾತಿನಲ್ಲೇ ಏಳು ವರ್ಷ ಕಳೆಯುತ್ತದೆ. ಅಡ್ವಾನ್ಸ್ ಹಣವಂತೂ ಕೈಗೆ ಬಂದ ದಿನವೇ ಮುಂಬಾಗಿಲಿನ ಗ್ರಾನೈಟ್ ಆಗಿರುತ್ತದೆ. ಅದು ಆದಾಯವಲ್ಲ, ಹಿಂತಿರುಗಿಸಬೇಕಾದ ಸಾಲ. ಬೇರೆ ಖಾತೆಯಲ್ಲಿ ಇಟ್ಟಿದ್ದರೆ ಅರ್ಧ ಜಗಳವೇ ಇರುತ್ತಿರಲಿಲ್ಲ. ಈಗ ಹಳಬ ಖಾಲಿ ಮಾಡುತ್ತೇನೆಂದರೆ ಓನರ್ರೇ ಕೈಮುಗಿದು, 'ಹೊಸಬರು ಸಿಗೋ ತನಕ ಇರಿ ಸಾರ್, ಬಾಡಿಗೆ ಆಮೇಲೆ ನೋಡ್ಕೊಳ್ಳೋಣ' ಎನ್ನುತ್ತಾರೆ.