ಗತಿಸಿದ ಫೋಲ್ಡರಿನ ಚಿರಂಜೀವಿ ಶಾರ್ಟ್‌ಕಟ್ಟಿಗೆ

ಮ॥ ರಾ॥ ಶ್ರೀ ‘ಹಳೆಯ ಬಿಲ್ಲುಗಳು’ ಎಂಬ ಫೋಲ್ಡರ್ ಶಾರ್ಟ್‌ಕಟ್ಟಿನವರ ಸನ್ನಿಧಿಗೆ,
ಮುಕ್ಕಾಂ: ಫೈಲ್ ಎಕ್ಸ್‌ಪ್ಲೋರರಿನ ಎಡಭಾಗ, ಕ್ವಿಕ್ ಆಕ್ಸೆಸ್ ಪಟ್ಟಿ.

ಮಾನ್ಯರೇ,

ಉಭಯಕುಶಲೋಪರಿ ಎಂದು ಆರಂಭಿಸುವುದು ಶಿಷ್ಟಾಚಾರವಾದರೂ, ತಾವು ಯಾರ ಪ್ರತಿನಿಧಿಯೆಂದು ಈ ಪಟ್ಟಿಯಲ್ಲಿ ಮಂಡಿಸಿರುವಿರೋ ಆ ಮೂಲ ಫೋಲ್ಡರು ತನ್ನನ್ನು ಹೊತ್ತಿದ್ದ ನೆಟ್‌ವರ್ಕ್ ಡ್ರೈವಿನೊಡನೆಯೇ ಕಾಲವಶವಾಗಿರುವುದರಿಂದ, ಕುಶಲದ ಮಾತನ್ನು ಬದಿಗಿರಿಸಿ ನೇರವಾಗಿ ವಿಷಯಕ್ಕೆ ಬರಲು ಅಪ್ಪಣೆಯಾಗಬೇಕು. ಜಹಗೀರು ಕೈಬಿಟ್ಟ ಮೇಲೂ ದರ್ಬಾರಿನ ಗಾದಿಯನ್ನು ಬಿಡದ ಜಹಗೀರುದಾರನಂತೆ ತಾವು ಹಳದಿಯ ಪೋಷಾಕನ್ನು ಧರಿಸಿ, ಬಲಮಗ್ಗುಲಲ್ಲಿ ಪಿನ್ನಿನ ಬಿರುದನ್ನು ಸಿಕ್ಕಿಸಿಕೊಂಡು, ಬದುಕಿರುವ ಫೋಲ್ಡರುಗಳಿಗಿಂತ ಒಂದು ಮೆಟ್ಟಿಲು ಮೇಲೆಯೇ ವಿರಾಜಮಾನರಾಗಿದ್ದೀರಿ. ಅಪ್ಪಿತಪ್ಪಿ ತಮ್ಮನ್ನು ಕ್ಲಿಕ್ಕಿಸಿದವನ ಪಾಡನ್ನು ಏನೆಂದು ಹೇಳೋಣ! ಮೇಲಿನ ವಿಳಾಸದ ಪಟ್ಟಿಯಲ್ಲಿ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ತೆವಳತೊಡಗುತ್ತದೆ, ಕೊನೆಯ ಅಂಗುಲದಲ್ಲಿ ನಿಂತು ಧ್ಯಾನಮಗ್ನವಾಗುತ್ತದೆ, ಆ ಸ್ಥಳ ಲಭ್ಯವಿಲ್ಲವೆಂಬ ಒಕ್ಕಣೆಯನ್ನು ಕೊಟ್ಟು ಅಂತರ್ಧಾನವಾಗುತ್ತದೆ, ತಾವಾದರೋ ಕದಲುವುದಿಲ್ಲ.

ತಮ್ಮ ಪೂರ್ವಿಕರು ಹೀಗಿರಲಿಲ್ಲ. 1995ರಲ್ಲಿ ವಿಂಡೋಸ್ 95ರೊಡನೆ ಅವರು ಡೆಸ್ಕ್‌ಟಾಪಿಗೆ ಬಂದಿಳಿದಾಗ, ತಾವು ಮೂಲವಲ್ಲ, ಮೂಲವನ್ನು ತೋರಿಸುವ ಬೆರಳು ಮಾತ್ರ ಎಂಬುದನ್ನು ಸಾರುವ ಸಣ್ಣದೊಂದು ಬಾಣದ ಗುರುತನ್ನು ಚಿತ್ರದ ಮೂಲೆಯಲ್ಲಿ ಧರಿಸಿರುತ್ತಿದ್ದರು. ಹಾಗೆಂದು ಅವರಲ್ಲಿ ಗುಟ್ಟಿರಲಿಲ್ಲವೆಂದಲ್ಲ; ಫೈಲುಗಳ ಬಾಲವನ್ನೆಲ್ಲ ತೋರಿಸೆಂದು ಯಂತ್ರಕ್ಕೆ ಆಜ್ಞಾಪಿಸಿದರೂ ಅವರ ‘ಎಲ್‌ಎನ್‌ಕೆ’ ಎಂಬ ಬಾಲ ಮಾತ್ರ ಇಂದಿಗೂ ಕಣ್ಣಿಗೆ ಬೀಳದು. ಆದರೂ ಡಿಲೀಟ್ ಎಂದರೆ ಅಳಿಯುವ ಸೌಜನ್ಯ ಅವರಲ್ಲಿತ್ತು. ವಿಂಡೋಸ್ 7ರ ಕಾಲಕ್ಕೆ ‘ಫೇವರಿಟ್ಸ್’ ಎಂಬ ಹೆಸರಿನಲ್ಲಿ ಇದೇ ಎಡಭಾಗದಲ್ಲಿ ಕುಳಿತಿದ್ದವರು ಸಹ, ಬಳಕೆದಾರನ ‘ಲಿಂಕ್ಸ್’ ಎಂಬ ಫೋಲ್ಡರಿನೊಳಗೆ ಒಬ್ಬೊಬ್ಬರೂ ಒಂದೊಂದು ಪುಟ್ಟ ಫೈಲಾಗಿ ವಾಸಿಸುತ್ತಿದ್ದುದರಿಂದ, ಬೇಡವಾದವರನ್ನು ಅಲ್ಲಿಂದ ಎತ್ತಿ ಕಸದ ಬುಟ್ಟಿಗೆ ಹಾಕಿದರೆ ವ್ಯವಹಾರ ಮುಗಿಯುತ್ತಿತ್ತು. 2015ರಲ್ಲಿ ವಿಂಡೋಸ್ 10 ಬಂದಿತು. ಕ್ವಿಕ್ ಆಕ್ಸೆಸ್ ಸ್ಥಾಪನೆಯಾಯಿತು. ತಮ್ಮ ಕುಲದವರೆಲ್ಲರ ದಸ್ತಾವೇಜು ಒಂದೇ ಕಡತದೊಳಗೆ ಸೇರಿ ಮೊಹರಾಯಿತು. ಬಾಣದ ಗುರುತೂ ಹೋದುದರಿಂದ ತಾವೇ ಸಾಕ್ಷಾತ್ ಫೋಲ್ಡರೆಂಬ ಭ್ರಮೆ ನೋಡುವವರಿಗೂ, ಬಹುಶಃ ತಮಗೂ, ಹಿಡಿದಿದೆ.

ತಮ್ಮನ್ನು ಬೀಳ್ಕೊಡುವ ಮರ್ಯಾದೆಯ ಮಾರ್ಗವೊಂದು ಇದ್ದೇ ಇದೆ. ರೈಟ್ ಕ್ಲಿಕ್ ಮಾಡಿ ‘ಅನ್‌ಪಿನ್ ಫ್ರಮ್ ಕ್ವಿಕ್ ಆಕ್ಸೆಸ್’ ಎಂಬುದನ್ನು ಒತ್ತಬೇಕು. ಆದರೆ ಮೂಲವೇ ಇಲ್ಲವಾದಾಗ ಆ ಪ್ರಾರ್ಥನೆಯೂ ಎಷ್ಟೋ ವೇಳೆ ಫಲಿಸುವುದಿಲ್ಲ. ಫೋಲ್ಡರ್ ಆಪ್ಷನ್ಸಿನಲ್ಲಿ ಚರಿತ್ರೆಯನ್ನು ಅಳಿಸುವ ‘ಕ್ಲಿಯರ್’ ಗುಂಡಿಯಿದೆಯಲ್ಲ ಎಂದು ಅದನ್ನೊತ್ತಿದರೆ, ನಿನ್ನೆ ಮೊನ್ನೆ ತೆರೆದ ನಿರಪರಾಧಿ ಫೈಲುಗಳ ನೆನಪು ಅಳಿಯುತ್ತದೆಯೇ ಹೊರತು, ಪಿನ್ನು ಧರಿಸಿದ ತಮ್ಮಂಥವರ ಕೂದಲೂ ಕೊಂಕುವುದಿಲ್ಲ. ಇನ್ನು, ಬಲ್ಲವರು ಹೇಳುವ ಉಪಾಯವನ್ನು ಕೇಳಿದರೆ ಧರ್ಮಶಾಸ್ತ್ರಜ್ಞರೂ ಬೆರಗಾದಾರು: ಗತಿಸಿದ ಫೋಲ್ಡರು ಇದ್ದ ಜಾಗದಲ್ಲಿಯೇ, ಅದೇ ಹೆಸರಿನ, ಒಳಗೆ ಏನೂ ಇಲ್ಲದ ಫೋಲ್ಡರೊಂದನ್ನು ಹೊಸದಾಗಿ ಸೃಷ್ಟಿಸಬೇಕು; ಆಗ ತಮ್ಮ ಪ್ರಭು ಪುನರ್ಜನ್ಮವೆತ್ತಿದನೆಂದು ಭಾವಿಸಿ ತಾವು ಅನ್‌ಪಿನ್ನಿಗೆ ಸಮ್ಮತಿಸುತ್ತೀರಿ; ತಾವು ತೊಲಗಿದೊಡನೆ ಆ ಬಡಪಾಯಿಯನ್ನು ಎರಡನೆಯ ಸಲ ಕೊಲ್ಲಬೇಕು. ಸತ್ತವನನ್ನು ಎಬ್ಬಿಸಿ ರಾಜೀನಾಮೆಗೆ ರುಜು ಹಾಕಿಸಿಕೊಂಡು ಮತ್ತೆ ಮಲಗಿಸುವ ಈ ಕ್ರಮವನ್ನು ಯಾವ ಸರ್ಕಾರಿ ಕಛೇರಿಯೂ ಇನ್ನೂ ಅನುಸರಿಸಿದಂತಿಲ್ಲ. ತಮ್ಮ ವಿಷಯದಲ್ಲಿ ಇದೂ ದುಸ್ಸಾಧ್ಯ. ಡ್ರೈವೇ ಇಲ್ಲದಿರುವಾಗ ಫೋಲ್ಡರನ್ನು ಎಲ್ಲಿ ಎಬ್ಬಿಸುವುದು?

ಆದುದರಿಂದ ಕಡೆಯ ಅಸ್ತ್ರವನ್ನು ತಮ್ಮ ಗಮನಕ್ಕೆ ತರುವುದು ಅನಿವಾರ್ಯವಾಗಿದೆ. ತಮ್ಮ ಪ್ರಾಣವು ‘ರೀಸೆಂಟ್’ ಫೋಲ್ಡರಿನ ಒಳಗಿರುವ ‘ಆಟೊಮ್ಯಾಟಿಕ್ ಡೆಸ್ಟಿನೇಷನ್ಸ್’ ಎಂಬ ಗುಹೆಯಲ್ಲಿ ಅಡಗಿದೆಯೆಂಬುದು ತಿಳಿದುಬಂದಿದೆ. ಆ ಗುಹೆಗೆ ಬಾಗಿಲು ಕಾಣಿಸುವುದಿಲ್ಲ. ವಿಳಾಸವನ್ನು ಅಕ್ಷರಶಃ ಟೈಪಿಸಿದವನಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಅಲ್ಲಿ ‘ಎಫ್ 01 ಬಿ 4 ಡಿ 95 ಸಿಎಫ್ 55 ಡಿ 32 ಎ’ ಎಂಬ 16 ಬೀಜಾಕ್ಷರಗಳ ನಾಮಧೇಯವುಳ್ಳ ಫೈಲೊಂದಿದೆ. ಅಕ್ಕಪಕ್ಕದಲ್ಲಿರುವ ಇತರ ಫೈಲುಗಳು ಬೇರೆ ಬೇರೆ ತಂತ್ರಾಂಶಗಳ ನೆನಪಿನ ಪಟ್ಟಿಗಳಾದುದರಿಂದ, ಕೋಪದ ಭರದಲ್ಲಿ ಎಲ್ಲವನ್ನೂ ಸವರಿಹಾಕುವುದು ಅವಿವೇಕ. ಎಕ್ಸ್‌ಪ್ಲೋರರಿನ ಕಿಟಕಿಗಳನ್ನೆಲ್ಲ ಮುಚ್ಚಿ, ಅದೊಂದನ್ನೇ ಅಲ್ಲಿಂದ ತೆಗೆದು, ಟಾಸ್ಕ್ ಮ್ಯಾನೇಜರಿನಿಂದ ಎಕ್ಸ್‌ಪ್ಲೋರರನ್ನು ಮರಳಿ ಆರಂಭಿಸಿದರೆ ತಾವು ಮಾತ್ರವೇ ಅಲ್ಲ, ತಮ್ಮೊಡನೆ ಪಿನ್ನು ಧರಿಸಿದ್ದ ಯೋಗ್ಯರೂ ಸೇರಿ ಸಮಸ್ತ ಸಭೆಯೇ ವಿಸರ್ಜನೆಯಾಗಿ, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಮೊದಲಾದ ಹುಟ್ಟುಸದಸ್ಯರು ಮಾತ್ರ ಆಸನಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ದಿನನಿತ್ಯ ದುಡಿಯುವ ಆ ಸಜ್ಜನರನ್ನು ಮತ್ತೆ ಒಬ್ಬೊಬ್ಬರನ್ನಾಗಿ ಕರೆತಂದು ಕೂರಿಸುವ ಶ್ರಮ ನಮ್ಮದು. ತಮ್ಮೊಬ್ಬರ ಹಠಕ್ಕಾಗಿ ಇಷ್ಟು ಮಂದಿ ಎದ್ದು ಹೋಗಬೇಕಾದೀತೆಂಬ ಸಂಕೋಚದಿಂದಲೇ ಅಸ್ತ್ರಪ್ರಯೋಗಕ್ಕೆ ಮೊದಲು ಈ ಪತ್ರವನ್ನು ಬರೆದದ್ದು.

ಆದಕಾರಣ ತಾವು ಈ ಸಂಜೆಯೊಳಗಾಗಿ, ಇನ್ನೊಂದೇ ಒಂದು ರೈಟ್ ಕ್ಲಿಕ್ಕಿಗೆ ಮಣಿದು, ಸ್ವಇಚ್ಛೆಯಿಂದ ಸ್ಥಾನವನ್ನು ತೆರವು ಮಾಡಿಕೊಡಬೇಕಾಗಿ ಬಿನ್ನಹ. ತಪ್ಪಿದಲ್ಲಿ, ಮೇಲ್ಕಂಡ ಫೈಲಿನ ಒಂದು ಪ್ರತಿಯನ್ನು ಬೇರೆಡೆ ಭದ್ರಪಡಿಸಿಟ್ಟು, ಮೂಲವನ್ನು ಅಳಿಸಲಾಗುವುದು. ಆ ಮೇಲೆ ಬರುವ ಯಾವ ತಕರಾರನ್ನೂ ಪರಿಗಣಿಸಲಾಗುವುದಿಲ್ಲ.

ಇಂತೀ ವಿಜ್ಞಾಪನೆಗಳು,
ತಮ್ಮನ್ನು ಒಂದಾನೊಂದು ದಿನ ಕೈಯಾರೆ ಪಿನ್ ಮಾಡಿದ
ಬಳಕೆದಾರ