ಜಾಲಿಮುಳ್ಳಿನ ಸೀಮೆಯಲ್ಲಿ ಗೇರ್ ಸೈಕಲ್ಲು

ಸಿಂಧನೂರಿನಲ್ಲಿ ನಸುಕಿಗೇ ಹೆಲ್ಮೆಟ್ ಹಾಕಿಕೊಂಡು ಗೇರ್ ಸೈಕಲ್ ಹತ್ತಿದವರಿಗೆ ಚಹಾದಂಗಡಿ ಮುಂದೆ ಪ್ರಶ್ನೆಗಳು ಕಾದಿರುತ್ತವೆ. “ಯಾಕ್ರೀ ಸರ್, ಬೈಕ್ ಮಾರಿದ್ರೇನು?” ಎಂಬುದು ಮೊದಲನೆಯದು. “ಹಟ್ಟಿ ಮೈನ್ಸಿನಾಗ ಡ್ಯೂಟಿ ಐತೇನ್ರೀ?” ಎಂಬುದು ಎರಡನೆಯದು.

ಕೇಳುವವರದೂ ತಪ್ಪಲ್ಲ. ಹಟ್ಟಿ ಚಿನ್ನದ ಗಣಿ ಇರುವುದು ಹತ್ತಿರದ ಲಿಂಗಸುಗೂರು ತಾಲ್ಲೂಕಿನಲ್ಲೇ; ಹೆಲ್ಮೆಟ್ಟಿನ ಮೊದಲ ಹಕ್ಕು ಭೂಮಿಯೊಳಗೆ ಇಳಿಯುವವರದು. ಬೈಕಿನವರೇ ಅದನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವ ಊರಲ್ಲಿ ಸೈಕಲ್ಲಿನವರು ತಲೆಗೆ ಹಾಕಿಕೊಂಡರೆ ಸೋಜಿಗವೇ. ಬಿದ್ದಾಗ ಅದರೊಳಗಿನ ಫೋಮು ತಾನು ಜಜ್ಜಿಹೋಗಿ ತಲೆಗೆ ತಗಲುವ ಪೆಟ್ಟನ್ನು ತಗ್ಗಿಸುತ್ತದೆ. ಅದಕ್ಕೇ ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ಟಿಗೆ ನಿವೃತ್ತಿ ಕೊಡಬೇಕು.

ಪ್ಯಾಡ್ ಹೊಲಿದ ಚಡ್ಡಿಯ ಕಥೆ ಬೇರೆ. ಸೀಟಿನ ಮೇಲೆ ಅದು ಸ್ವರ್ಗ. ಇಳಿದು ನಾಲ್ಕು ಜನರ ನಡುವೆ ನಡೆಯುವಾಗ ಬ್ಯಾಗಿನಲ್ಲೊಂದು ಲುಂಗಿ ಇದ್ದರೆ ಕ್ಷೇಮ.

ಇನ್ನು ಬಳ್ಳಾರಿ ಜಾಲಿ. 1880ರ ದಶಕದಲ್ಲಿ ಡನ್‌ಲಪ್ ಎಂಬವರು ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಗಾಳಿ ಟೈರು ಮಾಡಿದಾಗ ಬೆಲ್‌ಫಾಸ್ಟಿನಲ್ಲಿ ಈ ಗಿಡ ಇರಲಿಲ್ಲ. ಇಲ್ಲಿನ ಕಾಲುವೆ ದಂಡೆಯ ಒಂದೇ ಮುಳ್ಳು ಟೈರು, ಟ್ಯೂಬು ಎರಡನ್ನೂ ದಾಟುತ್ತದೆ. ಟ್ಯೂಬ್‌ಲೆಸ್ ಟೈರಿನೊಳಗೆ ಸೀಲಂಟ್ ಹಾಕಿದ್ದರೆ ಆಟವೇ ಬೇರೆ: ಮುಳ್ಳು ಕಿತ್ತ ಕೂಡಲೇ ‘ಸುಸ್’ ಎಂದು ಬಿಳಿ ಹಾಲು ನೊರೆಯುಕ್ಕುತ್ತದೆ, ಗಾಲಿ ನಾಲ್ಕು ಸುತ್ತು ತಿರುಗಿಸಿದರೆ ಅದೇ ಗಟ್ಟಿಯಾಗಿ ತೂತು ಮುಚ್ಚುತ್ತದೆ. ಪಂಕ್ಚರ್ ಅಂಗಡಿಯವರು ಇದನ್ನು ಕಂಡು ಮುಖ ಸಿಂಡರಿಸಿದರೆ ಅವರ ನೋವೂ ನ್ಯಾಯವೇ.

ನಿಜವಾದ ಪರೀಕ್ಷೆ ಕತ್ತಲಲ್ಲಿ. ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಸುಗ್ಗಿಯಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರುಗಳದೇ ದರಬಾರು. ಹಳೆಯ ಡೈನಮೋ ದೀಪ ಗಾಲಿ ತಿರುಗಿದಷ್ಟು ಹೊತ್ತು ಉರಿದು, ಲಾರಿಗೆ ದಾರಿ ಕೊಡಲು ನಿಂತ ಗಳಿಗೆಯಲ್ಲೇ ಕಣ್ಣು ಮುಚ್ಚುತ್ತಿತ್ತು. ಈಗಿನ ಚಾರ್ಜಿನ ಎಲ್‌ಇಡಿ ನಿಂತರೂ ಮಿಣುಕುತ್ತದೆ. 2006-07ರಿಂದ ಕೆಲವು ವರ್ಷ ಸರ್ಕಾರ ಎಂಟನೇ ತರಗತಿಯವರಿಗೆ ಕೊಟ್ಟ ಸೈಕಲ್ಲಿಗೂ ಹಿಂದೊಂದು ಕೆಂಪು ದೀಪ ಕಟ್ಟಬಹುದು. ಅದಕ್ಕೆ ಕಾರ್ಬನ್ ಫ್ರೇಮೇ ಬೇಕೆಂದಿಲ್ಲ.

ಅಷ್ಟೆಲ್ಲ ಸಜ್ಜಾಗಿ ಸವಾರರು ಮುಟ್ಟುವುದು ಮಸ್ಕಿ. 1915ರಲ್ಲಿ ಗಣಿ ಇಂಜಿನಿಯರ್ ಬೀಡನ್ ಇಲ್ಲಿ ಅಶೋಕನ ಹೆಸರಿರುವ ಶಾಸನ ಕಂಡರು. ಆದರೆ ಸವಾರರ ಕಣ್ಣು ಮೊದಲು ಬೀಳುವುದು ಒಗ್ಗರಣಿ-ಮಿರ್ಚಿ ಬಂಡಿಯ ಮೇಲೆ. ಕರಗಿದ ಕ್ಯಾಲರಿಯನ್ನು ಕೈಗಡಿಯಾರ ಲೆಕ್ಕ ಹಾಕಿ ಹೇಳುತ್ತದೆ. ಎರಡನೇ ಪ್ಲೇಟಿನ ಹೊತ್ತಿಗೆ ಅದನ್ನು ಯಾರೂ ನೋಡುವುದಿಲ್ಲ.